ಕಾಲಿಗೂ ಕಣ್ಣಿಗೂ ಒಂದೇ ಬಟನ್: ‘ವೈಲ್ಡ್ ಗನ್ಸ್’ ಆಟದ ಒಳಗಿನ ಲೆಕ್ಕ

1994ರ ಆಗಸ್ಟ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ವೈಲ್ಡ್ ಗನ್ಸ್’ ಎಂಬ ವಿಡಿಯೊ ಗೇಮ್ ಮೇಲ್ನೋಟಕ್ಕೆ ಬಹಳ ಸರಳ. ಪರದೆಯ ಕೆಳ ಅಂಚಿನಲ್ಲಿ ನಮಗೆ ಬೆನ್ನು ಮಾಡಿ ನಿಂತ ಒಬ್ಬ ಕೌಬಾಯ್, ಇಲ್ಲವೇ ಉದ್ದ ಲಂಗ ತೊಟ್ಟ ಒಬ್ಬ ಹುಡುಗಿ. ಅವರ ಎದುರಿಗೆ ಅಮೆರಿಕದ ಹಳೇ ಪಶ್ಚಿಮ ಸೀಮೆಯ ಬೀದಿ: ಮರದ ಕಟ್ಟಡಗಳು, ಮಹಡಿಯ ಕಟಾಂಜನ, ಗಾಜಿನ ಕಿಟಕಿ, ಪೀಪಾಯಿಗಳು. ಅಲ್ಲಿಂದ ಇಣುಕುವ ಡಕಾಯಿತರಿಗೂ ಅವರ ಜೊತೆ ಬರುವ ಉಕ್ಕಿನ ರೋಬೋಗಳಿಗೂ ಗುರಿಯಿಟ್ಟು ಹೊಡೆಯಬೇಕು. ನೋಡುತ್ತ ಕುಳಿತವರಿಗೆ ಇದರಲ್ಲಿ ವಿವರಿಸಲು ಏನಿದೆ ಅನ್ನಿಸುವುದು ಸಹಜ.

ಕೈಗೆ ತೆಗೆದುಕೊಂಡರೆ ಮಾತ್ರ ಕಥೆ ಬೇರೆ. ಮೊದಲ ಅರ್ಧ ನಿಮಿಷದಲ್ಲೇ ಹೆಚ್ಚಿನವರ ಒಂದು ಜೀವ ಹೋಗುತ್ತದೆ, ಎರಡನೆಯದೂ ಹಿಂದೆಯೇ ಹೋಗುತ್ತದೆ. ಕಾರಣ ಇದರ ಒಂದು ಮೂಲ ನಿಯಮ. ಗುಂಡು ಹಾರಿಸುತ್ತಿರುವಷ್ಟು ಹೊತ್ತು ನಿಮ್ಮ ಕಾಲು ಕದಲುವುದಿಲ್ಲ. ಕಾಲು ಕದಲಿಸಿದರೆ ಗುರಿ ನಿಂತಲ್ಲಿ ನಿಲ್ಲುವುದಿಲ್ಲ. ನಡೆಯುವುದಕ್ಕೂ ಗುರಿ ಹಿಡಿಯುವುದಕ್ಕೂ ಇರುವುದು ಒಂದೇ ದಿಕ್ಕಿನ ಬಟನ್. ಈ ಒಂದು ಕಟ್ಟುಪಾಡಿನಿಂದ ಎಷ್ಟು ಸೊಗಸಾದ ಆಟ ಹುಟ್ಟಬಹುದು ಎಂಬುದನ್ನು ವೈಲ್ಡ್ ಗನ್ಸ್‌ನಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ಆಟ ನನಗೆ ಗೊತ್ತಿಲ್ಲ. ಅದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಿನಿಂದ ಬರಬೇಕು.

ಬಲೂನು, ಬಾತುಕೋಳಿ, ಬೆಳಕಿನ ಬಂದೂಕು

ಗುರಿಯಿಟ್ಟು ಹೊಡೆಯುವ ಆಟ ವಿಡಿಯೊ ಗೇಮ್‌ಗಿಂತ ಬಹಳ ಹಳೆಯದು. ಜಾತ್ರೆಯಲ್ಲಿ ಹಲಗೆಯ ಮೇಲೆ ಸಾಲಾಗಿ ಬಲೂನು ಸಿಕ್ಕಿಸಿ, ಕೈಗೆ ಏರ್‌ಗನ್ ಕೊಟ್ಟು ಹೊಡೆಸುವ ಅಂಗಡಿಯನ್ನು ಕಂಡವರಿಗೆ ಇದರ ಮೂಲ ಹೇಳಿಕೊಡಬೇಕಿಲ್ಲ. ಯುರೋಪು, ಅಮೆರಿಕದ ಜಾತ್ರೆಗಳಲ್ಲಿ ಬಲೂನಿನ ಜಾಗದಲ್ಲಿ ತಗಡಿನ ಬಾತುಕೋಳಿಗಳು ಸಾಲುಹಿಡಿದು ಸಾಗುತ್ತಿದ್ದವು. 1936ರಲ್ಲಿ ಶಿಕಾಗೊದ ಸೀಬರ್ಗ್ ಕಂಪನಿ ‘ರೇ-ಒ-ಲೈಟ್’ ಎಂಬ ಯಂತ್ರ ತಂದಿತು. ಅದರ ಬಂದೂಕಿನಿಂದ ಹೊರಡುತ್ತಿದ್ದುದು ಗುಂಡಲ್ಲ, ಬೆಳಕಿನ ಕಿರಣ. ಬಾತುಕೋಳಿಯಲ್ಲಿ ಬೆಳಕು ಗುರುತಿಸುವ ಕೋಶವೊಂದಿತ್ತು. ಕಿರಣ ಅದರ ಮೇಲೆ ಬಿದ್ದರೆ ಹಕ್ಕಿ ಉರುಳುತ್ತಿತ್ತು. 1974ರಲ್ಲಿ ನಿಂಟೆಂಡೊ ಕಂಪನಿ ಅದೇ ಜಾಡಿನಲ್ಲಿ ‘ವೈಲ್ಡ್ ಗನ್‌ಮ್ಯಾನ್’ ಎಂಬ ಯಂತ್ರ ಮಾಡಿತು. 16 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರೀಕರಿಸಿದ ಬಂದೂಕುಧಾರಿ ತೆರೆಯ ಮೇಲೆ ಬರುತ್ತಾನೆ; ಅವನ ಕಣ್ಣು ಮಿನುಗಿದ ಕೂಡಲೇ ಅವನಿಗಿಂತ ಮೊದಲು ಹೊಡೆಯಬೇಕು. ಗುರಿ ಹೊಡೆಯುವ ಆಟವೂ ಕೌಬಾಯ್ ಲೋಕವೂ ಆಗಲೇ ಜೊತೆಗೂಡಿದ್ದವು.

ಮನೆಯ ಟಿವಿಗೆ ಈ ಆಟ ಬಂದಾಗ ಬೆಳಕಿನ ದಾರಿ ತಿರುವುಮುರುವಾಯಿತು. 1984ರ ‘ಡಕ್ ಹಂಟ್’ ಆಟದ ಬಂದೂಕು ಬೆಳಕು ಬಿಡುವುದಿಲ್ಲ, ಬೆಳಕು ನೋಡುತ್ತದೆ. ನಳಿಕೆಯ ತುದಿಯಲ್ಲಿ ಒಂದು ಲೆನ್ಸ್, ಅದರ ಹಿಂದೆ ಬೆಳಕು ಗುರುತಿಸುವ ಒಂದು ಪುಟ್ಟ ಭಾಗ. ಟ್ರಿಗರ್ ಒತ್ತಿದ ಕ್ಷಣ ಇಡೀ ಪರದೆ ಒಂದು ಚೌಕಟ್ಟಿನಷ್ಟು ಹೊತ್ತು, ಅಂದರೆ ಸೆಕೆಂಡಿನ 60ನೇ ಒಂದು ಭಾಗ, ಕಪ್ಪಾಗುತ್ತದೆ. ಮರುಚೌಕಟ್ಟಿನಲ್ಲಿ ಹಕ್ಕಿ ಇದ್ದ ಜಾಗದಲ್ಲಷ್ಟೇ ಬಿಳಿ ಚೌಕ ಮೂಡುತ್ತದೆ. ಕಪ್ಪಿನ ಹಿಂದೆಯೇ ಬಿಳುಪು ಕಂಡರೆ ಬಂದೂಕು ಹಕ್ಕಿಯತ್ತ ನೋಡುತ್ತಿದೆ ಎಂದಾಯಿತು. ಎರಡು ಹಕ್ಕಿಗಳಿದ್ದರೆ ಎರಡು ಚೌಕಗಳು ಒಂದಾದ ಮೇಲೊಂದು ಬರುತ್ತವೆ. ಯಾವ ಚೌಕಟ್ಟಿನಲ್ಲಿ ಬೆಳಕು ಸಿಕ್ಕಿತೋ ಆ ಹಕ್ಕಿಗೆ ಏಟು. ಪಿಕ್ಚರ್ ಟ್ಯೂಬ್ ಟಿವಿ ಚಿತ್ರವನ್ನು ಒಂದಿಷ್ಟೂ ತಡವಿಲ್ಲದೆ ತೋರಿಸುತ್ತಿದ್ದುದರಿಂದ ಈ ಲೆಕ್ಕ ಸರಿಹೊಂದುತ್ತಿತ್ತು. ಇಂದಿನ ಚಪ್ಪಟೆ ಟಿವಿಗಳು ಚಿತ್ರವನ್ನು ಕೊಂಚ ತಡವಾಗಿ ತೋರಿಸುತ್ತವೆ, ಹಾಗಾಗಿ ಆ ಹಳೇ ಬಂದೂಕು ಅವುಗಳ ಮುಂದೆ ಕುರುಡು.

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತಿದ್ದ ‘ಟಿವಿ ವಿಡಿಯೊ ಗೇಮ್’ ಡಬ್ಬಿಗಳು ನಿಂಟೆಂಡೊದ 8-ಬಿಟ್ ಯಂತ್ರದ ನಕಲುಗಳು. ಎಷ್ಟೋ ಡಬ್ಬಿಗಳ ಜೊತೆ ಒಂದು ಪ್ಲಾಸ್ಟಿಕ್ ಬಂದೂಕೂ ಬರುತ್ತಿತ್ತು, ಕ್ಯಾಸೆಟ್ಟಿನಲ್ಲಿ ಬಾತುಕೋಳಿ ಬೇಟೆಯೂ ಇರುತ್ತಿತ್ತು. ಕನ್ನಡದ ಮನೆಗಳಲ್ಲಿ ಬೆಳೆದ ಒಂದು ತಲೆಮಾರಿಗೆ ಈ ಬಗೆಯ ಆಟ ಪರಿಚಯವಾದದ್ದು ಹೀಗೆ. ಮುಂದಿನ 16-ಬಿಟ್ ಸೂಪರ್ ನಿಂಟೆಂಡೊ ಯಂತ್ರ ನಮ್ಮಲ್ಲಿ ಅಷ್ಟಾಗಿ ಹರಡಲಿಲ್ಲ. ವೈಲ್ಡ್ ಗನ್ಸ್ ಬಂದದ್ದು ಆ ಯಂತ್ರಕ್ಕೆ. ಇಷ್ಟು ಒಳ್ಳೆಯ ಆಟದ ಹೆಸರು ನಮ್ಮಲ್ಲಿ ಹಲವರ ಕಿವಿಗೆ ಬೀಳದೆ ಉಳಿದದ್ದಕ್ಕೆ ಅದೇ ಕಾರಣವಿರಬೇಕು.

ಆಟದೊಳಗೆ ಮೈ ಬಂದಾಗ

ಬಲೂನಿನಂಗಡಿ, ತಗಡಿನ ಬಾತು, ಡಕ್ ಹಂಟ್ ಎಲ್ಲದರಲ್ಲೂ ಸಮಾನವಾದ ಒಂದು ಅಂಶವಿದೆ: ಆಡುವವನಿಗೆ ಆಟದೊಳಗೆ ಮೈಯಿಲ್ಲ. ಅವನು ಬರೀ ಕಣ್ಣು ಮತ್ತು ಬೆರಳು. ಗುರಿ ತಪ್ಪಿದರೆ ಅಂಕ ಹೋದೀತು, ಏಟು ಬೀಳುವುದಿಲ್ಲ. 1987ರಲ್ಲಿ ಟೈಟೊ ಕಂಪನಿಯ ‘ಆಪರೇಷನ್ ವುಲ್ಫ್’ ಆಟ ಇದನ್ನು ಸ್ವಲ್ಪ ಬದಲಿಸಿತು. ಅಲ್ಲಿ ಎದುರಾಳಿಗಳು ತಿರುಗಿ ಹೊಡೆಯುತ್ತಾರೆ, ನಿಮ್ಮ ಶಕ್ತಿಯ ಪಟ್ಟಿ ಇಳಿಯುತ್ತದೆ. ಆದರೆ ಪಕ್ಕಕ್ಕೆ ಸರಿಯಲು ನಿಮಗೆ ಜಾಗವಿಲ್ಲ, ಯಾಕೆಂದರೆ ಸರಿಸಲು ಮೈಯೇ ಇಲ್ಲ. ಅವರಿಗಿಂತ ಮೊದಲು ಹೊಡೆಯುವುದೊಂದೇ ರಕ್ಷಣೆ.

ಅದರ ಮರುವರ್ಷ, 1988ರಲ್ಲಿ, ಟ್ಯಾಡ್ ಕಾರ್ಪೊರೇಷನ್ ಎಂಬ ಜಪಾನಿ ಕಂಪನಿ ‘ಕಬಾಲ್’ ಆಟವನ್ನು ಆರ್ಕೇಡಿಗೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳಿಗೆ, ತಂದಿತು. ಈ ಪ್ರಕಾರದ ಇತಿಹಾಸದಲ್ಲಿ ದೊಡ್ಡ ತಿರುವು ಇದೇ ಎಂದು ನಾನು ತಿಳಿಯುತ್ತೇನೆ. ಪರದೆಯ ಕೆಳಗೆ ಬೆನ್ನು ತೋರಿಸಿ ಒಬ್ಬ ಸೈನಿಕ ನಿಂತ. ಅವನ ಮುಂದೆ, ದೂರದಲ್ಲಿ, ಗುರಿಚಿಹ್ನೆ ಓಡಾಡಿತು. ಆಡುವವನಿಗೆ ಈಗ ಕಾಯಬೇಕಾದ ಮೈಯೊಂದು ಬಂತು, ಗುರಿ ಹಿಡಿಯುವ ಕಣ್ಣೂ ಉಳಿಯಿತು. 1989ರ ‘ಡೈನಮೈಟ್ ಡ್ಯೂಕ್’, 1990ರಲ್ಲಿ ಎಸ್‌ಎನ್‌ಕೆ ಕಂಪನಿಯ ‘ನ್ಯಾಮ್-1975’, ಅದೇ ವರ್ಷ ಟ್ಯಾಡ್‌ನವರದೇ ಕೌಬಾಯ್ ಕಥೆಯ ‘ಬ್ಲಡ್ ಬ್ರದರ್ಸ್’ ಎಲ್ಲವೂ ಈ ದಾರಿಯಲ್ಲಿ ನಡೆದವು. 1994ರ ಹೊತ್ತಿಗೆ ಈ ಬಗೆ ಹಳೆಯದಾಗಿತ್ತು. ಆರ್ಕೇಡುಗಳಲ್ಲಿ ಜನ ಹೊಡೆದಾಟದ ಆಟಗಳ ಸುತ್ತ ಸೇರುತ್ತಿದ್ದರು.

ಅಂಥ ಕಾಲದಲ್ಲಿ ನಾಟ್ಸುಮೆ ಕಂಪನಿಯ ಮೂವರು ಇದನ್ನು ಮತ್ತೆ ಕೈಗೆತ್ತಿಕೊಂಡರು. ವಿನ್ಯಾಸ ಮತ್ತು ಚಿತ್ರ ಶುನಿಚಿ ತಾನಿಗುಚಿ ಅವರದು, ಪ್ರೋಗ್ರಾಮಿಂಗ್ ತೊಶಿಯಾಸು ಮಿಯಾಬೆ ಅವರದು, ಸಂಗೀತ ಹಿರೊಯುಕಿ ಇವಾತ್ಸುಕಿ ಅವರದು. ಅದೇ ವರ್ಷದ ಆರಂಭದಲ್ಲಿ ‘ದಿ ನಿಂಜಾ ವಾರಿಯರ್ಸ್’ ಆಟದ ಹೊಸ ರೂಪವನ್ನು ಮುಗಿಸಿದ್ದ ತಂಡವದು. ಸುಮಾರು ಐದು ತಿಂಗಳಲ್ಲಿ ವೈಲ್ಡ್ ಗನ್ಸ್ ಸಿದ್ಧವಾಯಿತು. ಸೂಪರ್ ನಿಂಟೆಂಡೊ ಯಂತ್ರಕ್ಕೆ ‘ಸೂಪರ್ ಸ್ಕೋಪ್’ ಎಂಬ ಬೆಳಕಿನ ಬಂದೂಕು ಆಗಲೇ ಇತ್ತು. ಇವರು ಅದನ್ನು ಬಳಸದೆ, ಎರಡೂ ಕೈಯಲ್ಲಿ ಹಿಡಿದು ಬಟನ್ ಒತ್ತುವ ಸಾಮಾನ್ಯ ಗೇಮ್‌ಪ್ಯಾಡನ್ನೇ ನೆಚ್ಚಿಕೊಂಡರು. ಆಟದ ಸತ್ವ ಇರುವುದು ಗುರಿಯ ಜೊತೆಗೆ ಮೈಯನ್ನೂ ನಡೆಸುವುದರಲ್ಲಿ. ಬಂದೂಕು ಹಿಡಿದ ಕೈಗೆ ಅದು ಆಗದ ಕೆಲಸ.

ಹತ್ತು ಸೆಕೆಂಡಿನಲ್ಲಿ ಆಗುವುದೇನು?

ಈಗ ನಿಯಮವನ್ನು ನಿಧಾನವಾಗಿ ಬಿಡಿಸೋಣ. ಗುಂಡಿನ ಬಟನ್ ಒತ್ತದೆ ದಿಕ್ಕಿನ ಬಟನ್ ಎಡಕ್ಕೆ ಒತ್ತಿದರೆ ಪಾತ್ರ ಎಡಕ್ಕೆ ನಡೆಯುತ್ತದೆ, ಗುರಿಚಿಹ್ನೆಯೂ ಜೊತೆಗೇ ಎಡಕ್ಕೆ ಸರಿಯುತ್ತದೆ. ಗುಂಡಿನ ಬಟನ್ ಒತ್ತಿ ಹಿಡಿದರೆ ಪಾತ್ರ ನಿಂತಲ್ಲೇ ನೆಡುತ್ತದೆ. ದಿಕ್ಕಿನ ಬಟನ್ ಆಗ ಗುರಿಚಿಹ್ನೆಯನ್ನು ಮಾತ್ರ ಓಡಿಸುತ್ತದೆ, ಬಂದೂಕು ಒಂದೇ ಸಮನೆ ಗುಂಡು ಕಾರುತ್ತದೆ. ಗುಂಡು ಹಾರಿಸುತ್ತಿರುವಾಗಲೇ ಜಿಗಿಯುವ ಬಟನ್ ಒತ್ತಿದರೆ ಪಾತ್ರ ನೆಲದ ಮೇಲೆ ಉರುಳಿ ಪಕ್ಕಕ್ಕೆ ಹೋಗುತ್ತದೆ. ಒಂದೇ ಒಂದು ಗುಂಡು ತಾಗಿದರೆ ಜೀವ ಹೋಯಿತು. ಇಲ್ಲಿ ಶಕ್ತಿಯ ಪಟ್ಟಿ ಇಲ್ಲ.

ಒಂದು ಸಂದರ್ಭ ಊಹಿಸಿಕೊಳ್ಳಿ. ನೀವು ಬೀದಿಯ ನಡುವೆ ಇದ್ದೀರಿ. ಬಲಗಡೆ ಮಹಡಿಯ ಮೇಲೆ ಡಕಾಯಿತನೊಬ್ಬ ಎದ್ದ. ಬಟನ್ ಒತ್ತಿ ಹಿಡಿದು ಗುರಿಯನ್ನು ಬಲಕ್ಕೆ ಮೇಲಕ್ಕೆ ಒಯ್ದಿರಿ, ಅವನು ಬಿದ್ದ. ಅಷ್ಟರಲ್ಲಿ ಎಡಗಡೆಯ ರೋಬೋ ನಿಮ್ಮತ್ತ ಗುಂಡು ಬಿಟ್ಟಿದೆ. ಈಗ ಎಡಕ್ಕೆ ಗುರಿ ತಿರುಗಿಸಬೇಕೆ, ಪಕ್ಕಕ್ಕೆ ಸರಿಯಬೇಕೆ? ತಿರುಗಿಸಿದರೆ ಅಷ್ಟು ಹೊತ್ತು ಮೈ ಅಲ್ಲೇ ನೆಟ್ಟಿರುತ್ತದೆ. ಬಟನ್ ಬಿಟ್ಟು ಬಲಕ್ಕೆ ಓಡಿದರೆ ಮೈ ಉಳಿಯುತ್ತದೆ, ಆದರೆ ಗುರಿಚಿಹ್ನೆಯೂ ಬಲಕ್ಕೇ ಓಡಿ ಶತ್ರುವಿನಿಂದ ಇನ್ನಷ್ಟು ದೂರವಾಗುತ್ತದೆ. ಎಡಕ್ಕೆ ಓಡಿದರೆ ಗುರಿ ಶತ್ರುವಿನ ಹತ್ತಿರ ಬರುತ್ತದೆ, ಮೈ ಗುಂಡಿನ ದಾರಿಯನ್ನು ಅಡ್ಡಹಾಯಬೇಕಾಗುತ್ತದೆ. ಉರುಳಿದರೆ ಬದುಕುತ್ತೀರಿ, ಎದ್ದು ನಿಲ್ಲುವ ಹೊತ್ತಿಗೆ ಮತ್ತೊಬ್ಬ ಬಂದಿರುತ್ತಾನೆ.

ಇಲ್ಲಿ ನಿಜವಾಗಿ ಆಡಬೇಕಾದದ್ದು ಮೈ ಮತ್ತು ಗುರಿಚಿಹ್ನೆಯ ನಡುವಿನ ಅಂತರವನ್ನು. ನಡೆಯುವಾಗ ಆ ಅಂತರ ಬದಲಾಗದೆ ಉಳಿಯುತ್ತದೆ, ಗುಂಡು ಹಾರಿಸುವಾಗ ಬದಲಾಗುತ್ತದೆ. ನುರಿತವರು ಆಡುವುದನ್ನು ಗಮನಿಸಿದರೆ ಅವರು ಮುಂದಿನ ಶತ್ರು ಎಲ್ಲಿಂದ ಬರುತ್ತಾನೆಂದು ನೆನಪಿಟ್ಟು, ಈಗಿನವನನ್ನು ಹೊಡೆಯುತ್ತಿರುವಾಗಲೇ ಗುರಿಚಿಹ್ನೆಯನ್ನು ಮೈಯಿಂದ ಬೇಕಾದಷ್ಟು ದೂರಕ್ಕೆ ಒಯ್ದಿರುತ್ತಾರೆ. ಆಮೇಲೆ ನಡೆದರೆ ಸಾಕು, ಗುರಿ ತಾನಾಗಿ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಬೆರಳಿನ ವೇಗಕ್ಕಿಂತ ಈ ಮುಂದಾಲೋಚನೆಯೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

ನಡಿಗೆಗೆ ಒಂದು ಕೋಲು (ಜಾಯ್‌ಸ್ಟಿಕ್), ಗುರಿಗೆ ಇನ್ನೊಂದು ಕೋಲು ಕೊಟ್ಟಿದ್ದರೆ ತೊಂದರೆಯೇ ಇರುತ್ತಿರಲಿಲ್ಲವಲ್ಲ ಎಂದು ಇಂದಿನ ಆಟಗಾರರು ಕೇಳಬಹುದು. ಆ ಉಪಾಯ ಆಗ ಗೊತ್ತಿರದಿದ್ದದ್ದೇನಲ್ಲ. 1982ರ ‘ರೋಬೋಟ್ರಾನ್: 2084’ ಆರ್ಕೇಡ್ ಆಟದಲ್ಲೇ ನಡೆಯಲು ಒಂದು, ಹೊಡೆಯಲು ಒಂದು ಎಂದು ಎರಡು ಕೋಲುಗಳಿದ್ದವು. ಸೂಪರ್ ನಿಂಟೆಂಡೊ ಗೇಮ್‌ಪ್ಯಾಡಿನಲ್ಲಿ ದಿಕ್ಕಿನ ಬಟನ್ ಇದ್ದದ್ದು ಒಂದೇ ಎಂಬುದು ನಿಜ. ಆದರೂ ಎರಡಿದ್ದಿದ್ದರೆ ಈ ಆಟ ಕೆಡುತ್ತಿತ್ತು ಎಂದೇ ನನ್ನ ನಂಬಿಕೆ. ಓಡುತ್ತಲೇ ಹೊಡೆಯಬಹುದಾದರೆ ನಿಲ್ಲುವುದಕ್ಕೆ ಕಾರಣವಿರುವುದಿಲ್ಲ. ಇಲ್ಲಿ ಪ್ರತಿ ಗುಂಡಿಗೂ ಒಂದು ಬೆಲೆಯಿದೆ, ಆ ಬೆಲೆ ನಿಮ್ಮ ಮೈ ಒಂದು ಕ್ಷಣ ಕದಲದೆ ನಿಲ್ಲುವುದು.

ಆಳವನ್ನು ಸಮಯವಾಗಿಸುವುದು

ಸೂಪರ್ ನಿಂಟೆಂಡೊ ಚಪ್ಪಟೆ ಚಿತ್ರಗಳ ಯಂತ್ರ. ಅದು ಸಾಮಾನ್ಯವಾಗಿ ತೋರಿಸುತ್ತಿದ್ದ ಚಿತ್ರ 256 ಚುಕ್ಕೆ ಅಗಲ, 224 ಚುಕ್ಕೆ ಎತ್ತರ. ಹಿನ್ನೆಲೆಯ ಪದರಗಳ ಮೇಲೆ ‘ಸ್ಪ್ರೈಟ್’ ಎನ್ನುವ ಚಲಿಸುವ ತುಣುಕುಗಳನ್ನು ಇಡಬಹುದು. ಪರದೆಯ ಮೇಲೆ ಒಟ್ಟಿಗೆ 128, ಒಂದು ಅಡ್ಡಗೆರೆಯ ಮೇಲೆ 32. ಒಂದು ದೊಡ್ಡ ರೋಬೋ ಇಂಥ ಹಲವು ತುಣುಕುಗಳಿಂದ ಜೋಡಿಸಿದ್ದು. ಹಿನ್ನೆಲೆಯ ಒಂದು ಪದರವನ್ನು ಹಿಗ್ಗಿಸುವ, ತಿರುಗಿಸುವ ಹೆಸರಾಂತ ಸೌಲಭ್ಯ ಈ ಯಂತ್ರಕ್ಕಿತ್ತು, ಆದರೆ ಸ್ಪ್ರೈಟುಗಳನ್ನು ಹಾಗೆ ಹಿಗ್ಗಿಸಲು ಬರುತ್ತಿರಲಿಲ್ಲ. ದೂರದ ಡಕಾಯಿತ ಚಿಕ್ಕದಾಗಿಯೂ ಹತ್ತಿರದವನು ದೊಡ್ಡದಾಗಿಯೂ ಕಾಣಬೇಕಾದರೆ ಎರಡನ್ನೂ ಬೇರೆಬೇರೆಯಾಗಿ ಕೈಯಾರೆ ಬರೆಯಬೇಕು.

ತಾನಿಗುಚಿ ಮಾಡಿದ್ದು ಕಂಪನಿ ನಾಟಕದ ರಂಗದಂಥ ಏರ್ಪಾಡು. ಒಂದರ ಹಿಂದೊಂದು ಇಳಿಬಿಟ್ಟ ಚಿತ್ರಪರದೆಗಳು, ಅವುಗಳ ನಡುನಡುವೆ ಪಾತ್ರಗಳು ಬಂದು ಹೋಗುವ ಓಣಿಗಳು. ಹಿಂದಿನ ಓಣಿಯಲ್ಲಿ ಮಹಡಿಯ ಮೇಲಿನವರು, ನಡುವಿನದರಲ್ಲಿ ಬೀದಿಯವರು, ಮುಂದಿನದರಲ್ಲಿ ನೀವು. ಕೆಲವೊಮ್ಮೆ ಕತ್ತಿ ಹಿಡಿದವನೊಬ್ಬ ನಿಮ್ಮ ಓಣಿಗೇ ನುಗ್ಗುತ್ತಾನೆ. ಆಗ ಅದೇ ಬಟನ್ನಿಗೆ ಪಾತ್ರ ಬಂದೂಕಿನಿಂದಲೇ ಬೀಸಿ ಹೊಡೆಯುತ್ತದೆ.

ಹಿಂದಿನ ಓಣಿಯಿಂದ ಹೊರಟ ಗುಂಡು ನಿಮ್ಮನ್ನು ತಲಪುವುದು ಹೇಗೆ? ಚಪ್ಪಟೆ ಪರದೆಯಲ್ಲಿ ಎಡ-ಬಲ, ಮೇಲೆ-ಕೆಳಗೆ ಮಾತ್ರ ಇವೆ, ಒಳ-ಹೊರ ಇಲ್ಲ. ಆಟ ಇದಕ್ಕೆ ಕಂಡುಕೊಂಡ ಉತ್ತರ ಆಳವನ್ನು ಸಮಯವಾಗಿ ಬದಲಿಸುವುದು. ಗುಂಡು ನಿಧಾನವಾಗಿ ಹೊಳೆಯುತ್ತ ಬರುತ್ತದೆ, ದಾರಿಯುದ್ದಕ್ಕೂ ಯಾರಿಗೂ ತಾಗುವುದಿಲ್ಲ, ಮುಂದಿನ ಓಣಿಗೆ ಬಂದ ಕ್ಷಣದಲ್ಲಿ ಮಾತ್ರ ಅದು ಕೊಲ್ಲಬಲ್ಲದು. ಆ ಕ್ಷಣಕ್ಕೆ ನಿಮ್ಮ ಮೈ ಅದರ ಜಾಗದಲ್ಲಿದ್ದರೆ ಏಟು, ಇಲ್ಲದಿದ್ದರೆ ಇಲ್ಲ. ನಿಮಗೆ ಸಿಗುವ ಎಚ್ಚರಿಕೆಯೂ ಇದೇ ತರ್ಕದ್ದು: ಗುಂಡು ತೀರ ಹತ್ತಿರವಾದಾಗ ಪಾತ್ರದ ತಲೆಯ ಮೇಲೆ ‘ಹುಷಾರ್!’ ಎಂಬರ್ಥದ ಒಂದು ಮಾತಿನ ಗುಳ್ಳೆ ಮೂಡುತ್ತದೆ. ದೃಷ್ಟಿಯೆಲ್ಲ ದೂರದ ಗುರಿಚಿಹ್ನೆಯ ಮೇಲಿರುವಾಗ ಕೆಳಗಿರುವ ಸ್ವಂತ ಮೈಯನ್ನು ಮರೆಯುವುದು ಈ ಬಗೆಯ ಎಲ್ಲ ಆಟಗಳ ಸಮಸ್ಯೆ. ಒಂದು ಪುಟ್ಟ ಗುಳ್ಳೆಯಿಂದ ಅದನ್ನು ಬಗೆಹರಿಸಿದ್ದು ನನಗೆ ಬಹಳ ಹಿಡಿಸಿದ ಯೋಚನೆ. ಒಂದೇ ಏಟಿಗೆ ಸಾಯಿಸುವ ಆಟ ಅನ್ಯಾಯದ್ದೆಂದು ಅನ್ನಿಸದೆ ಇರಬೇಕಾದರೆ ಸಾಯುವ ಮೊದಲು ಅದು ಹೇಳಿರಬೇಕು. ವೈಲ್ಡ್ ಗನ್ಸ್ ಪ್ರತಿ ಸಲವೂ ಹೇಳುತ್ತದೆ.

ಇನ್ನು ಆಟದ ಅತ್ಯಂತ ಜಾಣ ಭಾಗಕ್ಕೆ ಬರೋಣ. ಎದುರಾಳಿಯ ಗುಂಡನ್ನೇ ನೀವು ಹೊಡೆದುರುಳಿಸಬಹುದು. ನಿಮ್ಮ ಗುರಿಚಿಹ್ನೆ ಬರುವ ಗುಂಡಿನ ಮೇಲಿದ್ದರೆ ಅದು ದಾರಿಯಲ್ಲೇ ಸಿಡಿದುಹೋಗುತ್ತದೆ. ಹಾಗೆ ಹೊಡೆದ ಪ್ರತಿ ಗುಂಡಿಗೂ ಪರದೆಯ ಕೆಳಗಿನ ಒಂದು ಪಟ್ಟಿ ತುಸು ತುಸುವೇ ತುಂಬುತ್ತದೆ. ಪೂರ್ತಿ ತುಂಬಿದಾಗ ಕೈಗೆ ‘ವಲ್ಕನ್’ ಎಂಬ ಭಾರೀ ಬಂದೂಕು ಬರುತ್ತದೆ. ಅದು ಇರುವಷ್ಟು ಹೊತ್ತು ನಿಮಗೆ ಯಾವ ಏಟೂ ತಾಗುವುದಿಲ್ಲ.

ಇದರಿಂದ ಆಗುವ ಬದಲಾವಣೆ ನೋಡಿ. ಸಾಮಾನ್ಯವಾಗಿ ಎದುರಿನಿಂದ ಬರುವ ಗುಂಡು ತಪ್ಪಿಸಿಕೊಳ್ಳಬೇಕಾದದ್ದು. ಇಲ್ಲಿ ಅದು ಬೆಳೆ. ಹೆಚ್ಚು ಗುಂಡು ಬರುವ ಕಡೆ ನಿಂತವನಿಗೆ ಹೆಚ್ಚು ಅಪಾಯ, ಪಟ್ಟಿ ತುಂಬುವುದೂ ಬೇಗ. ಹೆದರಿ ಮೂಲೆಯಲ್ಲಿ ಉರುಳುತ್ತಿರುವವನ ಪಟ್ಟಿ ಖಾಲಿಯೇ ಉಳಿಯುತ್ತದೆ, ಕೊನೆಗೆ ದೊಡ್ಡ ಯಂತ್ರ ಎದುರಾದಾಗ ಅವನ ಕೈಯಲ್ಲಿ ಸಾಧಾರಣ ಬಂದೂಕಷ್ಟೇ ಇರುತ್ತದೆ. ನಿಂತು ಹೊಡೆಯುವುದಕ್ಕೆ ಮೈಯನ್ನು ಒಡ್ಡಬೇಕೆಂಬ ಮೊದಲ ನಿಯಮಕ್ಕೆ ಇದು ಸರಿಜೋಡಿ: ಒಂದು ನಿಲ್ಲುವುದನ್ನು ಅಪಾಯವಾಗಿಸುತ್ತದೆ, ಇನ್ನೊಂದು ನಿಂತವನಿಗೆ ಕೂಲಿ ಕೊಡುತ್ತದೆ. ಇಬ್ಬರು ಸೇರಿ ಆಡುವಾಗ ಇದರ ಸೊಗಸು ಇನ್ನೂ ಹೆಚ್ಚು. ಒಬ್ಬರು ಬರುವ ಗುಂಡುಗಳನ್ನು ಕಾಯುತ್ತ ಮತ್ತೊಬ್ಬರಿಗೆ ಶತ್ರುವಿನ ಮೇಲೆ ಗುರಿ ನೆಡಲು ಬಿಡುವು ಮಾಡಿಕೊಡಬಹುದು.

ಉಳಿದ ಉಪಕರಣಗಳನ್ನು ಬೇಗ ಹೇಳಿಬಿಡುತ್ತೇನೆ. ಗುಂಡಿನ ಬಟನ್ನನ್ನು ಪಟಪಟನೆ ಒತ್ತಿದರೆ ಪಾತ್ರ ಕೌಬಾಯ್ ಹಗ್ಗದ ಕುಣಿಕೆ ಬೀಸುತ್ತದೆ. ಸಿಕ್ಕಿಬಿದ್ದ ಶತ್ರು ಸ್ವಲ್ಪ ಹೊತ್ತು ಮರಗಟ್ಟಿ ನಿಲ್ಲುತ್ತಾನೆ. ಕಾಲ ಬಳಿ ಬಿದ್ದ ಡೈನಮೈಟ್ ಕಡ್ಡಿಯನ್ನು ಸಿಡಿಯುವ ಮೊದಲೇ ಎತ್ತಿ ತಿರುಗಿ ಎಸೆಯಬಹುದು. ಪರದೆಯನ್ನೆಲ್ಲ ಗುಡಿಸುವ ಬಾಂಬುಗಳು ಕೆಲವೇ ಇರುತ್ತವೆ. ಶಾಟ್‌ಗನ್, ಮಷೀನ್‌ಗನ್ ಮುಂತಾದವು ಆಗಾಗ ಕೈಗೆ ಸಿಗುತ್ತವೆ. ಆದರೆ ಹಿನ್ನೆಲೆ ಒಡೆಯುವುದರ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. ಕಿಟಕಿ, ಬಾಟಲಿ, ಫಲಕ, ಪೀಪಾಯಿ, ಗೋಡೆ ಹೀಗೆ ಕಂಡದ್ದರಲ್ಲಿ ಬಹುಪಾಲು ಗುಂಡಿಗೆ ಚೂರಾಗುತ್ತದೆ. ಬಲೂನಿನಂಗಡಿಯಲ್ಲಿ ಬಲೂನು ಪಟ್ ಎಂದಾಗ ಆಗುವ ಖುಷಿ ಇದೇ, ಮತ್ತು ಅದು ಆಟಕ್ಕೆ ಉಪಯುಕ್ತವೂ ಹೌದು. ನಿಮ್ಮ ಗುಂಡು ನಿಜವಾಗಿ ಎಲ್ಲಿ ಬೀಳುತ್ತಿದೆ ಎಂಬುದನ್ನು ಒಡೆಯುವ ಗಾಜು ಕಣ್ಣಿಗೂ ಕಿವಿಗೂ ತಿಳಿಸುತ್ತಿರುತ್ತದೆ.

ಕಾರ್ಸನ್ ಸಿಟಿಯಲ್ಲಿ ರೋಬೋ ಯಾಕೆ?

ಕಥೆ ಚಿಕ್ಕದು. ತನ್ನ ಕುಟುಂಬದವರನ್ನು ಕೊಂದ ಕಿಡ್ ಗುಂಪಿನ ಮೇಲೆ ಸೇಡು ತೀರಿಸಿಕೊಳ್ಳಲು ಆ್ಯನಿ ಎಂಬ ಹುಡುಗಿ ಹೊರಡುತ್ತಾಳೆ. ಬಾಹ್ಯಾಕಾಶದಲ್ಲಿ ತಲೆಗೆ ಕಟ್ಟಿದ ಬಹುಮಾನಕ್ಕಾಗಿ ಅಪರಾಧಿಗಳನ್ನು ಹಿಡಿಯುವ ಕ್ಲಿಂಟ್ ಎಂಬವನ ನೆರವು ಪಡೆಯುತ್ತಾಳೆ. ಮೊದಲ ಹಂತ ಕಾರ್ಸನ್ ಸಿಟಿ. ಅದಾದ ಮೇಲೆ ಕಣಿವೆ, ಚಿನ್ನದ ಗಣಿ, ರೈಲು, ಮದ್ದುಗುಂಡಿನ ಉಗ್ರಾಣ ಎಂಬ ನಾಲ್ಕನ್ನು ಬೇಕಾದ ಕ್ರಮದಲ್ಲಿ ಮುಗಿಸಿ, ಕೊನೆಗೆ ಕಿಡ್‌ನನ್ನು ಎದುರಿಸಬೇಕು.

ಕಾರ್ಸನ್ ಸಿಟಿ ಕಲ್ಪಿತ ಊರಲ್ಲ. ಅಮೆರಿಕದ ನೆವಾಡಾ ರಾಜ್ಯದ ರಾಜಧಾನಿ ಅದು, 1858ರಲ್ಲಿ ಹುಟ್ಟಿದ್ದು. ಮರುವರ್ಷ ಹತ್ತಿರದ ಬೆಟ್ಟಗಳಲ್ಲಿ ಕಾಮ್‌ಸ್ಟಾಕ್ ಎಂಬ ಬೆಳ್ಳಿಯ ಭಾರೀ ನಿಕ್ಷೇಪ ಸಿಕ್ಕಿತು, ಜನ ಮುಗಿಬಿದ್ದರು. 1870ರಲ್ಲಿ ಅಲ್ಲೊಂದು ಟಂಕಸಾಲೆಯೇ ತೆರೆಯಿತು. ಗಣಿ, ರೈಲು, ದುಡ್ಡು, ಬಂದೂಕು ಇಷ್ಟೂ ಒಂದೇ ಕಡೆ ಸೇರಿದ ಇಂಥ ಊರುಗಳಿಂದಲೇ ಕೌಬಾಯ್ ಕಥೆಗಳ ಲೋಕ ಬೆಳೆದದ್ದು. ಆ್ಯನಿ ಎಂಬ ಹೆಸರು ಕೇಳಿದ ಯಾವ ಅಮೆರಿಕನ್ನನಿಗೂ 1860ರಲ್ಲಿ ಒಹಾಯೊದಲ್ಲಿ ಹುಟ್ಟಿದ ಆ್ಯನಿ ಓಕ್ಲಿ ನೆನಪಾಗದಿರಲಾರಳು. 1885ರಲ್ಲಿ ಬಫಲೊ ಬಿಲ್‌ನ ತಿರುಗಾಟದ ಪ್ರದರ್ಶನ ಸೇರಿ, ಗಾಳಿಯಲ್ಲಿ ಎಸೆದ ಗಾಜಿನ ಗೋಲಿಗಳನ್ನು ಹೊಡೆದುರುಳಿಸಿ ದೇಶದೇಶಗಳಲ್ಲಿ ಹೆಸರಾದವಳು. ಪಶ್ಚಿಮ ಸೀಮೆ ಇನ್ನೂ ಜೀವಂತವಿರುವಾಗಲೇ ಅದು ಟಿಕೆಟ್ ಕೊಟ್ಟು ನೋಡುವ ಗುರಿಯಾಟವಾಗಿಬಿಟ್ಟಿತ್ತು.

ಅದಕ್ಕೆ ರೋಬೋ ಸೇರಿಸಿದ್ದು ಅಲಂಕಾರಕ್ಕೆಂದು ಮೊದಲು ಅನ್ನಿಸಬಹುದು. ಆಟದ ದೃಷ್ಟಿಯಿಂದ ನೋಡಿದರೆ ಅದು ಅಗತ್ಯ. ಕೌಬಾಯ್ ಕಥೆಯ ಶತ್ರುಗಳೆಲ್ಲ ಮನುಷ್ಯರು, ಎಲ್ಲರೂ ಸುಮಾರಾಗಿ ಒಂದೇ ಗಾತ್ರ, ಒಂದೇ ಏಟಿಗೆ ಬೀಳಬೇಕಾದವರು. ಗುರಿಯಾಟಕ್ಕೆ ಬೇಕಾದದ್ದು ಬಗೆಬಗೆಯ ಗುರಿ: ಚಿಕ್ಕದು, ಹಾರುವುದು, ತಡವಾಗಿ ಬೀಳುವುದು, ಅರ್ಧ ಪರದೆ ತುಂಬುವುದು. ಉಕ್ಕಿನ ಯಂತ್ರಗಳು ಇದನ್ನೆಲ್ಲ ಕೊಡುತ್ತವೆ. ಅವು ಕಾಲೊಂದು ಮುರಿದು, ತೋಳೊಂದು ಕಳಚಿ, ಹಂತಹಂತವಾಗಿ ಹಾಳಾಗಬಲ್ಲವು. ನಿಮ್ಮ ಏಟು ಎಷ್ಟು ಕೆಲಸ ಮಾಡಿದೆ ಎಂದು ಪಟ್ಟಿ ನೋಡದೆಯೇ ತಿಳಿಯುತ್ತದೆ. ಅವು ಸತ್ತಾಗ ಹಾರುವುದು ಕಿಡಿ, ಹೊಗೆ, ರಕ್ತವಲ್ಲ. ಆ ವರ್ಷಗಳಲ್ಲಿ ನಿಂಟೆಂಡೊದ ಅಮೆರಿಕ ಶಾಖೆ ತನ್ನ ಯಂತ್ರಗಳ ಆಟಗಳಲ್ಲಿ ರಕ್ತದ ವಿಷಯಕ್ಕೆ ಬಿಗಿಯಾಗಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು. ಮರದ ಮಹಡಿ ಮನೆಯ ಹಿಂದಿನಿಂದ ಉಕ್ಕಿನ ದೈತ್ಯವೊಂದು ಎದ್ದು ಬರುವ ಚಿತ್ರಕ್ಕೆ ಅದರದೇ ಆದ ಚೆಲುವಿದೆ. ಇವಾತ್ಸುಕಿ ಅವರ ಸಂಗೀತ ಅದನ್ನು ಇನ್ನೂ ಎತ್ತರಕ್ಕೆ ಒಯ್ಯುತ್ತದೆ.

ತಡವಾಗಿ ಸಿಕ್ಕ ಆಟಗಾರರು

ಉತ್ತರ ಅಮೆರಿಕಕ್ಕೆ ಈ ಆಟ ತಲಪಿದ್ದು 1995ರಲ್ಲಿ. 1994ರ ಡಿಸೆಂಬರ್‌ನಲ್ಲೇ ಜಪಾನಿನಲ್ಲಿ ಸೋನಿಯ ಪ್ಲೇಸ್ಟೇಷನ್ ಬಂದಿತ್ತು, ಎಲ್ಲರ ಕಣ್ಣೂ ನಿಜವಾದ ಮೂರು ಆಯಾಮದ ಚಿತ್ರಗಳತ್ತ ಹೊರಳಿತ್ತು. ಚಪ್ಪಟೆ ಚಿತ್ರಗಳಿಂದ ಆಳವನ್ನು ಕಟ್ಟುವ ಕುಶಲತೆ ಅದರ ಅತ್ಯುತ್ತಮ ಮಟ್ಟಕ್ಕೆ ಬಂದ ಹೊತ್ತಿಗೇ ಅದನ್ನು ಕೇಳುವವರು ಕಡಿಮೆಯಾದರು. ಆಮೇಲೆ ಅದರ ಮೂಲ ಕ್ಯಾಸೆಟ್ಟುಗಳು ಸಂಗ್ರಹಕಾರರ ನಡುವೆ ದುಬಾರಿ ವಸ್ತುವಾದವು. 2010ರಲ್ಲಿ ನಿಂಟೆಂಡೊದ ವೀ ಯಂತ್ರಕ್ಕೆ ಡೌನ್‌ಲೋಡ್ ರೂಪದಲ್ಲಿ ಮರಳಿ ಬಂದಾಗ ಹೊಸ ಆಟಗಾರರು ಸಿಕ್ಕರು.

ಮುಂದಿನದು ಇನ್ನೂ ಅಪರೂಪ. 2016ರ ಡಿಸೆಂಬರ್‌ನಲ್ಲಿ ‘ವೈಲ್ಡ್ ಗನ್ಸ್ ರಿಲೋಡೆಡ್’ ಪ್ಲೇಸ್ಟೇಷನ್ 4ಕ್ಕೆ ಬಂತು. ಮಾಡಿದವರು ಅದೇ ಮೂವರು, ಎರಡು ದಶಕಗಳ ನಂತರ, ಟೆಂಗೊ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ. 2017ರಲ್ಲಿ ಕಂಪ್ಯೂಟರಿಗೂ 2018ರಲ್ಲಿ ನಿಂಟೆಂಡೊ ಸ್ವಿಚ್‌ಗೂ ಬಂತು. ಅಗಲ ಟಿವಿಗೆ ಹೊಂದುವಂತೆ ಹಿನ್ನೆಲೆಗಳನ್ನು ಚುಕ್ಕೆಚುಕ್ಕೆಯಾಗಿ ಅದೇ ಶೈಲಿಯಲ್ಲಿ ವಿಸ್ತರಿಸಿದರು. ಎರಡು ಹೊಸ ಹಂತಗಳು ಸೇರಿದವು, ನಾಲ್ವರು ಒಟ್ಟಿಗೆ ಆಡುವ ಏರ್ಪಾಡಾಯಿತು. ಕೈಬಾಂಬು ಎಸೆಯುವ ಡೋರಿಸ್, ಹಾರುವ ಡ್ರೋನ್ ಜೊತೆಗಿಟ್ಟುಕೊಂಡ ಬುಲೆಟ್ ಎಂಬ ನಾಯಿ ಎಂದು ಇಬ್ಬರು ಹೊಸ ಪಾತ್ರಗಳೂ ಬಂದವು. ಎರಡು ಕೋಲಿನ ಗೇಮ್‌ಪ್ಯಾಡ್ ಮನೆಮನೆಗೂ ಬಂದಿದ್ದ ಕಾಲವದು. ಆದರೂ ಆ್ಯನಿ, ಕ್ಲಿಂಟ್ ಗುಂಡು ಹಾರಿಸುವಾಗ ನಿಂತಲ್ಲೇ ನಿಲ್ಲುತ್ತಾರೆ. ಮೂವರೂ ಆ ನಿಯಮವನ್ನು ಮುಟ್ಟಲಿಲ್ಲ. ಅದೇ ತಂಡ 2019ರಲ್ಲಿ ‘ದಿ ನಿಂಜಾ ಸೇವಿಯರ್ಸ್’, 2022ರಲ್ಲಿ ‘ಪಾಕಿ ಆ್ಯಂಡ್ ರಾಕಿ ರಿಶ್ರೈನ್ಡ್’ ಎಂದು ತಮ್ಮ ಹಳೇ ಸೂಪರ್ ನಿಂಟೆಂಡೊ ಕೆಲಸಗಳಿಗೆ ಹೀಗೇ ಮರುಜೀವ ಕೊಟ್ಟಿತು.

ಕಂಪ್ಯೂಟರಿನಲ್ಲಿ ಸಿಗುವುದರಿಂದ ಈಗ ನಮ್ಮಲ್ಲೂ ಇದನ್ನು ಆಡಲು ಅಡ್ಡಿಯಿಲ್ಲ. ಮೊದಲ ಸಲ ಆಡುವವರಿಗೆ ನಾನು ಹೇಳುವುದಿಷ್ಟು. ಕೀಬೋರ್ಡ್ ಬಿಟ್ಟು ಗೇಮ್‌ಪ್ಯಾಡ್ ಹಿಡಿಯಿರಿ. ಮೊದಮೊದಲು ಕ್ಲಿಂಟ್ ಅಥವಾ ಆ್ಯನಿಯನ್ನೇ ಆರಿಸಿಕೊಳ್ಳಿ. ಮೂಲ ನಿಯಮ ಕೈಗೆ ಹತ್ತುವುದು ಅವರಿಬ್ಬರಿಂದಲೇ. ಕಾರ್ಸನ್ ಸಿಟಿಯಲ್ಲಿ ಗೆಲ್ಲುವ ಆತುರ ಬಿಟ್ಟು, ಬರುವ ಗುಂಡುಗಳನ್ನು ಮಾತ್ರ ಹೊಡೆಯುತ್ತ ಒಂದಷ್ಟು ಸಲ ಸಾಯಿರಿ. ಕಣ್ಣು ಗುರಿಚಿಹ್ನೆಗೆ ಅಂಟಿಕೊಳ್ಳದೆ ಪರದೆಯ ಕೆಳ ಮೂರನೇ ಒಂದು ಭಾಗದಲ್ಲಿ, ನಿಮ್ಮ ಪಾತ್ರದ ತಲೆಯ ತುಸು ಮೇಲೆ ಇರಲಿ. ಗುರಿಚಿಹ್ನೆ ಎಲ್ಲಿದೆ ಎಂಬುದನ್ನು ಒಡೆಯುವ ಗಾಜು ಹೇಳುತ್ತದೆ. ಜೊತೆಗೆ ಇನ್ನೊಬ್ಬರು ಸಿಕ್ಕರೆ ಬೀದಿಯನ್ನು ಎಡ, ಬಲ ಎಂದು ಹಂಚಿಕೊಂಡು ಶುರುಮಾಡಿ.